ಕಾವಸಜಿ ನೇಗಾಂವಾಲಾ

ಪುಣೆ ನಗರವು ಪೇಶವೆಯರ ಕಾಲದಿಂದಲೂ ವಿದ್ಯೆಗೆ ಹೆಸರಾದುದು. ಆದರೆ ಒಂದು ಕಾಲದಲ್ಲಿ ಭಾರತದ ಅತ್ಯಂತ ದೊಡ್ಡ ದೂರದರ್ಶಕವು ನಮ್ಮ ಈ ಊರಿನಲ್ಲಿಯೇ ಇದ್ದಿತೆಂಬ ಸಂಗತಿ ಅನೇಕರಿಗೆ ತಿಳಿಯದು. ಅದನ್ನು ಇಲ್ಲಿ ಸ್ಥಾಪಿಸಿದ ಮಹನೀಯರೇ ಕಾವಸಜಿ ದಾದಾಭಾಯಿ ನೇಗಾಂವಾಲಾ.

ಇವರು 1857ರಲ್ಲಿ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1878ರಲ್ಲಿ ಸುವರ್ಣ ಪದಕದೊಡನೆ ಎಂ.ಎ. ಪದವಿಯನ್ನು ಪಡೆದು, ಅಲ್ಲಿಯೇ ಭೌತಶಾಸ್ತ್ರದ ಅಧ್ಯಾಪಕರಾದರು. 1882ರಲ್ಲಿ ಆ ಕಾಲೇಜಿಗೆ ಬಂದ ಭಾವನಗರದ ಮಹಾರಾಜ ತಖ್ತಸಿಂಹಜಿಯವರು 5,000 ರೂಪಾಯಿಗಳ ದಾನವನ್ನಿತ್ತರು. ಸರಕಾರವೂ ಅಷ್ಟೇ ಹಣವನ್ನು ಸೇರಿಸಿತು. 1884ರಲ್ಲಿ ನೇಗಾಂವಾಲಾ ಅವರು ಉಪಕರಣಗಳಿಗಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ಅವರಿಗೆ ಸಲಹೆಯಿತ್ತವರಲ್ಲಿ ಪ್ರಸಿದ್ಧ ವಿಜ್ಞಾನಿ ನಾರ್ಮನ್ ಲಾಕಿಯರ್ ಒಬ್ಬರು.

1888ರಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಮಹಾರಾಜರ ಹೆಸರಿನ ವೇಧಶಾಲೆಯು ಸಿದ್ಧವಾಯಿತು. 20 ಅಂಗುಲದ ದರ್ಪಣವುಳ್ಳ ದೂರದರ್ಶಕವು ಅದರ ಮುಖ್ಯ ಸಾಧನವಾಯಿತು.

ಆಗಸದಲ್ಲಿ ಮಂಜಿನಂತೆ ಮಸುಕಾಗಿ ತೋರುವುದೆಲ್ಲವನ್ನೂ ಆ ಕಾಲದಲ್ಲಿ ನೀಹಾರಿಕೆ ಎಂದೇ ಕರೆಯುತ್ತಿದ್ದರು. ಅದು ಅನಿಲವೋ, ಉಲ್ಕೆಗಳ ರಾಶಿಯೋ, ದೂರದ ನಕ್ಷತ್ರಸಮೂಹವೋ ಎಂಬುದು ದೊಡ್ಡ ವಿವಾದವಾಗಿದ್ದಿತು. ಉಲ್ಕೆಗಳು ಪರಸ್ಪರ ಘರ್ಷಿಸುವುದರಿಂದ ನೀಹಾರಿಕೆಗಳು ಬೆಳಗುತ್ತವೆಂದೂ, ಅವುಗಳ ವರ್ಣಪಟಲದಲ್ಲಿ ಕಾಣುವ ಮುಖ್ಯ ಹಸಿರು ರೇಖೆಯು ಮೆಗ್ನೀಸಿಯಮ್ ಲೋಹದ್ದೆಂದೂ ಲಾಕಿಯರ್ ವಾದಿಸಿದ್ದರು. ಹಾಗಿದ್ದಲ್ಲಿ ರೇಖೆಯ ಒಂದು ಅಂಚು ಕ್ರಮೇಣ ಮಸುಕಾಗಿರಬೇಕು. ನೇಗಾಂವಾಲಾ ಅವರು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು ಎಚ್ಚರದಿಂದ ಪರೀಕ್ಷಿಸಿದರು. ರೇಖೆಯು ಎರಡು ಕಡೆಗಳಲ್ಲಿಯೂ ತೀಕ್ಷ್ಣವಾಗಿದ್ದಿತು. ತಮಗೆ ಮಾರ್ಗ ತೋರಿದ ಹಿರಿಯರ ಮತಕ್ಕೆ ಇದು ವಿರುದ್ಧವೆಂದು ಅರಿತಿದ್ದರೂ, ಕಂಡುದನ್ನು ಕಂಡಂತೆಯೇ 1891ರಲ್ಲಿ ಪ್ರಕಟಿಸಿದರು. ಆ ರೇಖೆಯು ಆಮ್ಲಜನಕದ್ದೆಂದು 1927ರಲ್ಲಿ ಅಮೆರಿಕದ ಬೋವೆನ್ ತೋರಿಸಿಕೊಟ್ಟರು; ಪುಣೆಯ ವೀಕ್ಷಣೆಯೇ ನಿಜವಾಯಿತು.

1898ರ ಜನವರಿ 22ರಂದು ಖಗ್ರಾಸ ಸೂರ್ಯಗ್ರಹಣವುಂಟಾದಾಗ ಇವರು ಸೋಲಾಪುರದ ದಾರಿಯಲ್ಲಿರುವ ಜೇವೂರಿನಲ್ಲಿ ಬಿಡಾರ ಹೂಡಿದರು. ಅಮೆರಿಕದ ವಿಜ್ಞಾನಿಗಳೂ ಅದೇ ಊರಿಗೆ ಬಂದಿದ್ದರು. ಸುಮಾರು ಎರಡು ನಿಮಿಷಗಳ ಆ ದೃಶ್ಯಕ್ಕಾಗಿ ಮಾಡಿದ ಕಾರ್ಯದ ಸವಿಸ್ತಾರ ವರದಿಯು 1902ರಲ್ಲಿ ಅಚ್ಚಾಯಿತು.

1912ರಲ್ಲಿ ನೇಗಾಂವಾಲಾ ಅವರು ನಿವೃತ್ತರಾದರು. ಅವರ ಕಾರ್ಯವನ್ನು ಮುಂದುವರಿಸುವವರಿರಲಿಲ್ಲ. ವೇಧಶಾಲೆಯನ್ನು ಮುಚ್ಚಿ ಉಪಕರಣಗಳನ್ನು ಕೊಡೈಕೆನಾಲಿಗೆ ಸಾಗಿಸಲಾಯಿತು. ಒಬ್ಬರ ದುಡಿಮೆಯಿಂದ ಬೆಳೆದ ಸಂಸ್ಥೆಯು ಅವರೊಡನೆಯೇ ಮುಗಿದುದು ವಿಷಾದದ ಸಂಗತಿ. ಅವರು 1938ರಲ್ಲಿ ದಿವಂಗತರಾದರು.

ಅಷ್ಟರಲ್ಲಿ ನೀಹಾರಿಕೆಗಳ ಗುಟ್ಟು ಬಯಲಾಗಿದ್ದಿತು. ಮಹಾವ್ಯಾಧದ ನೀಹಾರಿಕೆಯಂಥವು ನಮ್ಮ ಆಕಾಶಗಂಗೆಯೊಳಗಿನ ಅನಿಲದ ಮೋಡಗಳು. ಉಳಿದ ಅನೇಕವು ಆಕಾಶಗಂಗೆಯ ಹೊರಗಿರುವ ಬೇರೆ ಬೇರೆ ಗೆಲಾಕ್ಸಿಗಳು. ಅವುಗಳಲ್ಲಿ ನಿಶ್ಚಿತ ಆಕಾರವಿಲ್ಲದ ಕುಬ್ಜ ಗೆಲಾಕ್ಸಿಗಳೂ ಉಂಟು. ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನಾರಾಯಣಗಾಂವದ ಬಳಿಯ ಖೋಡದದಲ್ಲಿ, 45 ಮೀಟರ್ ವ್ಯಾಸದ 30 ಬೋಗುಣಿಗಳುಳ್ಳ ರೇಡಿಯೋ ದೂರದರ್ಶಕವಿದೆ. ಎನ್‌ಜಿಸಿ 3741 ಎಂಬ ಕುಬ್ಜ ಗೆಲಾಕ್ಸಿಯು ನಮ್ಮ ನೆರೆಯ ಗೆಲಾಕ್ಸಿಗಳ ಗುಂಪಿನಾಚೆ, ಸುಮಾರು ಒಂದು ಕೋಟಿ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿದೆ. ಕಣ್ಣಿಗೆ ಕಾಣುವ ಅದರ ಭಾಗಕ್ಕಿಂತ ಅದರ ಜಲಜನಕದ ತಟ್ಟೆಯು ಎಂಟು ಪಟ್ಟಿಗೂ ಹೆಚ್ಚು ವಿಸ್ತಾರವಾಗಿದೆಯೆಂದು 2005ರಲ್ಲಿ ಈ ಉಪಕರಣದಿಂದಲೇ ತಿಳಿದುಬಂದಿತು.

ವಿದ್ಯಾರ್ಥಿ ಮಿತ್ರರೆ, ಮಸುಕಾಗಿ ತೋರುವುದನ್ನು ತಾಳ್ಮೆಯಿಂದ ನೋಡುವುದು, ಕಂಡುದನ್ನು ಅಳುಕದೆ ಹೇಳುವುದು: ಇವೆರಡು ಗುಣಗಳೇ ನೇಗಾಂವಾಲಾ ಅವರ ಆಸ್ತಿ. ಕಟ್ಟಡವು ಮುಚ್ಚಿದರೂ ಆ ಆಸ್ತಿಯು ನಮ್ಮ ಊರಿನಲ್ಲಿ ಉಳಿದಿದೆ. ಅದರ ಉತ್ತರಾಧಿಕಾರಿಗಳಾಗುವುದು ನಮ್ಮ ಕೈಯಲ್ಲಿದೆ.