ಕನ್ನಡಿಗರ ನೆನಪನ್ನು ಕಾಪಾಡಿದ ಮೋಗ್ಲಿಂಗ್ ಅಯ್ಯನವರು

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂಥ ಗ್ರಾಮಗಳಲ್ಲಿ ನಾನಾ ಕುಲಗಳವರೂ ನಾನಾ ಮತಗಳವರೂ ನೆರೆಹೊರೆಯಾಗಿ ಬಾಳುವುದುಂಟಷ್ಟೆ. ಇಂಥ ಊರುಗಳಲ್ಲಿರುವ ಸಭೆಯವರನ್ನು ಒಂದು ಪ್ರಶ್ನೆಯು ಬಾಧಿಸುತ್ತದೆ. ದೀಕ್ಷಾಸ್ನಾನ ಹೊಂದಿದ ಬಳಿಕ ಹಿರಿಯರು ಹೇಳಿಕೊಂಡು ಬಂದ ಕಥೆಗಳೂ ಹಾಡುಗಳೂ ಗಾದೆಗಳೂ ನಮ್ಮವೋ, ಪರರವೋ? ಅವುಗಳನ್ನು ತೊರೆದರೆ ನೆರೆಯವರು ನಮ್ಮನ್ನು ಪರದೇಶಿಗಳೆಂದು ಎಣಿಸುವರು. ಇಟ್ಟುಕೊಂಡರೆ ವಿಶ್ವಾಸವು ಸಡಿಲವಾಯಿತೆಂದು ನಮ್ಮವರೇ ಸಂಶಯಪಡುವರು. ಈ ಪ್ರಶ್ನೆಗೆ ತಮ್ಮ ಕೆಲಸದಿಂದಲೇ ಉತ್ತರವಿತ್ತ ಒಬ್ಬರ ಚರಿತ್ರೆಯನ್ನು ನಾವು ಇಲ್ಲಿ ಹೇಳುತ್ತೇವೆ.

ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1811ನೆಯ ಇಸವಿ ಮೇ 29ರಂದು ಜರ್ಮನಿ ದೇಶದ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನವರು ಅವರನ್ನು ಕಳುಹಿಸಲು, 1836ರಲ್ಲಿ ಮಂಗಳೂರಿಗೆ ಬಂದು ಸೇರಿದರು. ಸುವಾರ್ತೆಯನ್ನು ಸಾರುವುದೇ ಅವರ ಉದ್ದೇಶ. ಅದನ್ನು ಅವರು ಎಂದೂ ಮರೆಮಾಡಲಿಲ್ಲ. ಆದರೆ ಕೇಳುವ ಜನರ ಮಾತನ್ನೂ ಮನಸ್ಸನ್ನೂ ತಿಳಿಯದೆ ಸಾರುವುದು ವ್ಯರ್ಥವೆಂದು ಕಂಡು, ಕನ್ನಡವನ್ನು ಶ್ರದ್ಧೆಯಿಂದ ಕಲಿತರು.

1843ನೆಯ ಇಸವಿ ಜುಲೈ 1ರಂದು ಅವರು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲನೆಯ ಸಮಾಚಾರಪತ್ರಿಕೆ ಇದೇ. ಕಲ್ಲಚ್ಚಿನಲ್ಲಿ ಮುದ್ರಿತವಾಗಿ, ಹದಿನೈದು ದಿನಗಳಿಗೊಮ್ಮೆ ಹೊರಡುತ್ತಿತ್ತು. ಆ ನೆನಪಿಗಾಗಿಯೇ ಕನ್ನಡನಾಡಿನಲ್ಲಿ ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಮರುವರುಷ 1844ರಲ್ಲಿ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ಯುವಕನು ದೀಕ್ಷಾಸ್ನಾನ ಹೊಂದಿದನು. ಮಂಗಳೂರಲ್ಲಿ ದೊಡ್ಡ ಗಲಭೆಯೆದ್ದಿತು. ಮತವನ್ನು ಬಿಟ್ಟವನು ಮನೆಗೂ ಕುಲಕ್ಕೂ ಹೊರಗಾಗುವ ಕಾಲವದು. ಮುಂದೆ ಈತನು ಬಾಸೆಲಿನಲ್ಲಿ ಕಲಿತು, ಪಾದ್ರಿಯಾಗಿ ತಿರಿಗಿ ಬಂದು, ತನ್ನ ನಾಡಿನಲ್ಲಿಯೇ ಸೇವೆಮಾಡಿದನು. ಹೀಗೆ ಕುಲದಿಂದ ಹೊರಬಿದ್ದವನಿಗೂ ನಾಡು ಉಳಿಯುವುದು ಹೇಗೆಂಬುದು ಆ ದಿನಗಳಲ್ಲಿ ಬರೀ ಚರ್ಚೆಯ ವಿಷಯವಾಗಿರಲಿಲ್ಲ. ಜೀವನದ ಪ್ರಶ್ನೆಯೇ ಆಗಿತ್ತು.

ಇದರ ತರುವಾಯ ಅಯ್ಯನವರು ಕೈಕೊಂಡ ಕೆಲಸವು ವಿಶೇಷವಾಗಿ ಗಮನಿಸತಕ್ಕದ್ದು. 1848ರಿಂದ ಅವರು ಬಿಬ್ಲಿಯೊಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಪ್ರಕಟಿಸತೊಡಗಿದರು. ಖರ್ಚಿಗೆ ಹಣವನ್ನು ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯು ಕೊಟ್ಟನು. ಓಲೆಗರಿಗಳಲ್ಲಿಯೂ ಜನರ ಬಾಯಲ್ಲಿಯೂ ಇದ್ದ ಸಾಹಿತ್ಯವು ಹೀಗೆ ಅಚ್ಚಿಗೆ ಬಂದಿತು. ಲಕ್ಷ್ಮೀಶನ ಜೈಮಿನಿ ಭಾರತ, ವೀರಶೈವರ ಬಸವಪುರಾಣ, ವೈಷ್ಣವರ ದಾಸರ ಪದಗಳು ಇವೆಲ್ಲವೂ ಆ ಮಾಲೆಯಲ್ಲಿ ಸೇರಿದವು. ಒಂದೊಂದು ಪಂಗಡವು ತನ್ನದೆಂದು ಕಾದುಕೊಂಡಿದ್ದ ನೆನಪು ಒಂದೇ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತಿತು. ಅಯ್ಯನವರು ಆ ಮತಗಳನ್ನು ಒಪ್ಪಿದವರಲ್ಲ; ಆದರೂ ಅವುಗಳ ಗ್ರಂಥಗಳನ್ನು ನಾಶವಾಗಗೊಡಲಿಲ್ಲ.

ತರುವಾಯ ಅವರು ಕೊಡಗಿಗೆ ಹೋಗಿ ಸೇವೆಮಾಡಿ, ಆ ಸೀಮೆಯ ಅರಸರ ಮತ್ತು ಜನರ ವೃತ್ತಾಂತವನ್ನು 1855ರಲ್ಲಿ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, 1881ನೆಯ ಇಸವಿ ಮೇ 10ರಂದು ಎಸ್ಲಿಂಗೆನ್ ಎಂಬಲ್ಲಿ ನಿದ್ರೆಹೋದರು. ಅದೇ ಮಿಶನ್ನಿನ ಕಿಟೆಲ್ ಅಯ್ಯನವರು ಕನ್ನಡದ ಸೇವೆಯನ್ನು ಮುಂದುವರಿಸಿ, 1894ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಪ್ರಕಟಿಸಿದರು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಆರಾಧನೆ ಬೇರೆ, ನೆನಪು ಬೇರೆ. ನಾವು ಯಾರನ್ನು ಆರಾಧಿಸುತ್ತೇವೆಂಬುದು ನಮ್ಮ ವಿಶ್ವಾಸಕ್ಕೆ ಸೇರಿದ್ದು. ಯಾವ ಮಾತಿನಲ್ಲಿ ಅಳುತ್ತೇವೆ, ಯಾವ ಗಾದೆಯಿಂದ ಮಕ್ಕಳಿಗೆ ಬುದ್ಧಿಹೇಳುತ್ತೇವೆ ಎಂಬುದು ಊರಿನವರೆಲ್ಲರ ಕೂಡುಸ್ವತ್ತು. ಆ ಸ್ವತ್ತಿನಲ್ಲಿ ನಮಗೆ ಪಾಲಿಲ್ಲವೆಂದು ಹೇಳುವ ಹಕ್ಕು ನೆರೆಯವರಿಗಿಲ್ಲ. ನಮ್ಮ ಪಾಲನ್ನು ನಾವಾಗಿಯೇ ಬಿಟ್ಟುಕೊಡುವುದೂ ತರವಲ್ಲ. ಅನ್ಯದೇಶದಿಂದ ಬಂದವರೊಬ್ಬರು ಕನ್ನಡಿಗರ ನೆನಪನ್ನು ಇಷ್ಟು ಜತನದಿಂದ ಕಾಪಾಡಿದ ಮೇಲೆ, ಈ ಮಣ್ಣಿನಲ್ಲಿಯೇ ಹುಟ್ಟಿದ ನಾವು ಅದನ್ನು ಅಲಕ್ಷ್ಯಮಾಡಬಹುದೇ? ನಮ್ಮ ಸಭೆಗಳ ಹಿರಿಯರು ಬಲ್ಲ ಕಥೆಗಳನ್ನೂ ಗಾದೆಗಳನ್ನೂ ಮಕ್ಕಳು ಬರೆದಿಟ್ಟುಕೊಳ್ಳಲಿ. ನೆರೆಯವರ ಹಿರಿಯರು ಹೇಳುವುದನ್ನೂ ಅದೇ ಪುಸ್ತಕದಲ್ಲಿ ಬರೆಯಲಿ.