ಸುರಪುರದ ಕೊನೆಯ ದೊರೆ

ವಡಗೇರಾದಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಹೋಗುವವರಿಗೆ ಊರಿಗಿಂತ ಮೊದಲು ಎದುರಾಗುವುವು ಬಂಡೆಗಲ್ಲಿನ ಬೆಟ್ಟಗಳು. ಅವುಗಳ ಮಡಿಲಲ್ಲಿ ಬೇಡ ನಾಯಕರು ರಾಜಧಾನಿಯನ್ನು ಕಟ್ಟಿದರು. ಸಮೀಪದ ವಾಗಣಗೇರಾ ಕೋಟೆಯನ್ನು ಹಿಡಿಯಲು 1705ರಲ್ಲಿ ಮುಪ್ಪಿನ ಔರಂಗಜೇಬನು ತಾನೇ ದಂಡೆತ್ತಿ ಬರಬೇಕಾಯಿತು. ಆ ಮನೆತನದಲ್ಲಿ ರಾಜ್ಯವಾಳಿದವರ ಪೈಕಿ ಕೊನೆಯವನು ರಾಜಾ ವೆಂಕಟಪ್ಪ ನಾಯಕ. 1858ರಲ್ಲಿ ಮಡಿದಾಗ ಅವನ ಪ್ರಾಯ 24ರ ಆಸುಪಾಸು. ನನ್ನ ತರಗತಿಯ ಹುಡುಗರಿಗಿಂತ ನಾಲ್ಕಾರು ವರ್ಷ ಹಿರಿಯನಷ್ಟೆ. ಆ ಹುಡುಗರಲ್ಲೊಬ್ಬನು ಒಂದು ದಿನ, ದೊರೆಯು ತಾನೇ ಸತ್ತನೋ, ಕೊಂದರೋ ಎಂದು ಕೇಳಿದನು. ಆಗ ನಾನು ಸರಿಯಾಗಿ ಉತ್ತರಿಸಲಿಲ್ಲ.

ತಂದೆ ಕೃಷ್ಣಪ್ಪ ನಾಯಕನು 1842ರಲ್ಲಿ ತೀರಿಕೊಂಡಾಗ ವೆಂಕಟಪ್ಪನು ಇನ್ನೂ ಎಳೆಯ ಬಾಲಕ. ಆಡಳಿತಕ್ಕಾಗಿ ತಾಯಿ ಈಶ್ವರಮ್ಮನಿಗೂ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನಿಗೂ ಬಹಳ ಕಾಲ ಜಗ್ಗಾಟ ನಡೆಯಿತು. ಆದರೆ ಹುಡುಗನು ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ದೊರೆಯು 24ನೆಯ ವಯಸ್ಸನ್ನು ದಾಟಲಾರನೆಂದು ಅರಮನೆಯ ಜಾತಕ ನುಡಿದಿದ್ದುದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. 1853ರಲ್ಲಿ ರಾಜ್ಯಭಾರವನ್ನು ತರುಣನಿಗೆ ಒಪ್ಪಿಸಿ ಅವನು ಹೊರಟುಹೋದನು.

ಮುಂದೆ 1857ರ ಸಂಗ್ರಾಮದ ಬಿರುಗಾಳಿ ಎದ್ದಿತು. ಸುರಪುರವು ಕತ್ತಿ ಹಿರಿದದ್ದು ತಡವಾಗಿ. ಅಷ್ಟರಲ್ಲಿ ದಿಲ್ಲಿ ಬಿದ್ದು ನಾಲ್ಕು ತಿಂಗಳು ಕಳೆದಿದ್ದವು. ಬೇಡ ಪಡೆಯೊಡನೆ ಅರಬರೂ ರೋಹಿಲರೂ ಕೂಡಿದ್ದರು. 1858ರ ಫೆಬ್ರವರಿ 7ರ ರಾತ್ರಿ ಕ್ಯಾಪ್ಟನ್ ವಿಂಡಮ್‌ನ ಬಿಡಾರದ ಮೇಲೆ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಬಿದ್ದನು. ಆದರೆ ಹೊಸ ಪಡೆಗಳು ಸುತ್ತಲಿಂದ ಒತ್ತಿ ಬರುತ್ತಿದ್ದವು. ದೊರೆಯು ಕೆಲವೇ ಸವಾರರೊಡನೆ ರಾತ್ರೋರಾತ್ರಿ ಹೈದರಾಬಾದಿಗೆ ಹೋದನು, ಅಲ್ಲಿ ಸಿಕ್ಕಿಬಿದ್ದನು. ನಿಜಾಮನ ದಿವಾನ ಸಾಲಾರ್ ಜಂಗನು ಅವನನ್ನು ಆಂಗ್ಲರ ರೆಸಿಡೆಂಟನಿಗೆ ಒಪ್ಪಿಸಿದನು.

ಸೆರೆಮನೆಗೆ ಟೇಲರನು ಬಂದನು. ದಂಗೆಗೆ ಪ್ರೇರೇಪಿಸಿದವರ ಹೆಸರು ಹೇಳಿದರೆ ಪ್ರಾಣ ಉಳಿದೀತೆಂಬ ಆಸೆಯನ್ನು ತೋರಿಸಿದನು. ದೊರೆಯು ಯಾರ ಹೆಸರನ್ನೂ ಹೇಳಲಿಲ್ಲ. ಕಳ್ಳನಂತೆ ನೇಣಿಗೇರುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಿಬಿಡಲಿ ಎಂದಷ್ಟೇ ಕೋರಿದನು. ಬಡ ಬೇಡನೂ ಸೆರೆಯಲ್ಲಿ ಬದುಕಲಾರನೆಂಬುದು ಅವನ ಮಾತಾಗಿತ್ತು. ಮರಣದಂಡನೆ ಗಡೀಪಾರಿಗಿಳಿದು, ಕಡೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಜಾತಕ ಸುಳ್ಳಾಯಿತೆಂದು ಹಿತೈಷಿಗಳು ನಿಟ್ಟುಸಿರು ಬಿಟ್ಟರು.

ಮೇ ತಿಂಗಳಲ್ಲಿ ಪಯಣ ಹೊರಟಿತು. ಹೈದರಾಬಾದಿಗೆ ಬಹು ದೂರವಲ್ಲದ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲು ಸಿಡಿಯಿತು. ದೊರೆಯು ಕುಸಿದು ಬಿದ್ದಿದ್ದನು. ಆಯುಧವನ್ನು ಕೈಯಲ್ಲಿ ಹಿಡಿದು ನೋಡುವಾಗ ಒದಗಿದ ಆಕಸ್ಮಿಕವೆಂದು ಟೇಲರನು ತಿಳಿದನು. ಅವನನ್ನು ಕೊಂದೇಬಿಟ್ಟರೆಂದು ಸುರಪುರ ಸೀಮೆಯ ಜನ ನಂಬಿದರು. 1860ರಲ್ಲಿ ರಾಜ್ಯವು ನಿಜಾಮನಿಗೆ ಬಹುಮಾನವಾಗಿ ಹೋಯಿತು.

ಆ ಹುಡುಗನಿಗೆ ಈಗ ನಾನು ಹೀಗೆ ಹೇಳುತ್ತೇನೆ. ದೊರೆಯ ಕಥೆಯಲ್ಲಿ ಬಹುಪಾಲು ನಮಗೆ ತಲುಪಿರುವುದು ಅವನನ್ನು ಸಾಕಿದ ಪರದೇಶಿಯ ಲೇಖನಿಯಿಂದ. ಆ ಲೇಖನಿಯಲ್ಲಿ ಮಮತೆಯಿತ್ತು, ನಿಜ. ಆದರೆ ಅದು ಗೆದ್ದವರ ಉಪ್ಪುಂಡ ಲೇಖನಿ. ಆದುದರಿಂದ ಸಾವಿನ ಗಳಿಗೆಯ ಮಾತಿಗೆ ಅದೊಂದೇ ಸಾಕ್ಷಿ ಸಾಲದು. ಹೆಸರು ಹೇಳದೆ ಸಂಗಡಿಗರನ್ನು ಕಾಯ್ದನೆಂಬ ಮಾತು ಹಾಗಲ್ಲ. ಅದನ್ನು ಬರೆದವನು ಆ ಹೆಸರುಗಳಿಗಾಗಿಯೇ ಸೆರೆಮನೆಗೆ ಹೋಗಿ ಬರಿಗೈಯಲ್ಲಿ ಮರಳಿದವನು. ತನ್ನ ಸೋಲನ್ನು ತಾನೇ ಒಪ್ಪಿ ಬರೆದಿದ್ದಾನೆ. ಪಿಸ್ತೂಲು ಯಾರ ಕೈಯಲ್ಲಿ ಸಿಡಿಯಿತೆಂಬ ವಾದ ನಡೆಯುತ್ತಿರಲಿ. ಆ ತರುಣನು ಸಾಯುವ ಮುನ್ನ ಹೇಗೆ ನಡೆದುಕೊಂಡನೆಂಬುದರಲ್ಲಿ ವಾದವಿಲ್ಲ.