ಮೊದಲನೆಯ ಸಾಲಾರ್ ಜಂಗರು

ನಮ್ಮ ಸೇಡಂ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿಯು 1874ರಲ್ಲಿ ತೆರೆಯಲ್ಪಟ್ಟಿತು. ಆಗಿನ ದಿವಾನರು ಮೊದಲನೆಯ ಸಾಲಾರ್ ಜಂಗರು.

1829ರಲ್ಲಿ ಜನಿಸಿದ ಇವರು 1853ರಲ್ಲಿ, ಇಪ್ಪತ್ತನಾಲ್ಕನೆಯ ಪ್ರಾಯದಲ್ಲಿಯೇ, ದಿವಾನಗಿರಿಯನ್ನು ವಹಿಸಿಕೊಂಡರು. ಬೊಕ್ಕಸವು ಬರಿದಾಗಿತ್ತು, ಸೈನ್ಯದ ಬಾಕಿಗಾಗಿ ಬೇರಾರ್ ಪ್ರಾಂತವು ಇಂಗ್ಲಿಷರ ವಶವಾಗಿತ್ತು, ಅನೇಕ ತಾಲ್ಲೂಕುಗಳು ಸಾಹುಕಾರರಿಗೂ ಅರಬ್ ಜಮಾದಾರರಿಗೂ ಒತ್ತೆಬಿದ್ದಿದ್ದವು. ಇವರು ಎದೆಗುಂದದೆ ಒತ್ತೆಯ ಸೀಮೆಗಳನ್ನು ಕ್ರಮಕ್ರಮವಾಗಿ ಬಿಡಿಸಿದರು. ಕಂದಾಯದ ಗುತ್ತಿಗೆಯನ್ನು ರದ್ದುಮಾಡಿ ಸಂಬಳದ ಅಧಿಕಾರಿಗಳನ್ನು ನೇಮಿಸಿದರು. 1883ರಲ್ಲಿ ಕಾಲರಾದಿಂದ ತೀರಿಕೊಳ್ಳುವ ವೇಳೆಗೆ ಸಂಸ್ಥಾನವು ಚೇತರಿಸಿಕೊಂಡಿತ್ತು.

ಮನೆಯೂ ಒಂದು ಚಿಕ್ಕ ಸಂಸ್ಥಾನವೇ ಸರಿ. ಒತ್ತೆಯ ಒಡವೆಯನ್ನು ಬಿಡಿಸಿಕೊಂಡು, ಬರುವ ಹಣವನ್ನು ಬರೆದಿಟ್ಟು, ವೆಚ್ಚವನ್ನು ಅದರೊಳಗಿಡುವ ಗೃಹಿಣಿಯು ಸಾಲವನ್ನು ಗೆಲ್ಲುವಳು. ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ದೇವರು ಈ ಬುದ್ಧಿಯನ್ನು ದಯಪಾಲಿಸಲೆಂದು ನಾವು ಪ್ರಾರ್ಥಿಸುತ್ತೇವೆ.